ಸೂಜಿ ಬಿಟ್ಟ ಮೇಲೆ

ಗಜೇಂದ್ರಗಡ
14 ಜೂನ್ 2004

ಚಿರಂಜೀವಿ ಅಳಿಯಂದಿರಾದ ಅಜಯಕುಮಾರ ಅವರಿಗೆ, ನಿಜಲಿಂಗಪ್ಪನ ಆಶೀರ್ವಾದ.

ಲಾಡಸಾಬರ ಸೀರೆ ಅಂಗಡಿಯಲ್ಲಿ ಫೋನಿದೆ. ಬೇಕಾದಾಗ ಮಾಡಿರಿ ಎಂದು ಅವರೂ ಹೇಳುತ್ತಾರೆ. ಆದರೆ ಅಲ್ಲಿ ನಿಂತು ಮಾತನಾಡಿದರೆ ಗಿರಾಕಿಗಳೆಲ್ಲ ಕೇಳುತ್ತಾರೆ. ಇದು ಕೂಗಿ ಹೇಳುವ ಮಾತಲ್ಲವೆಂದು ಕಾಗದ ಬರೆಯುತ್ತಿದ್ದೇನೆ.

ರೇಷ್ಮಾ ಯುಗಾದಿಗೆ ಬಂದವಳು. "ಒಂದು ತಿಂಗಳು ತವರಿನಾಗ ಇದ್ದು ಬರಲಿ" ಎಂದು ನಿಮ್ಮ ತಾಯಿಯವರೇ ಬಸ್ಸು ಹತ್ತಿಸಿ ಕಳಿಸಿದ್ದರು. ಬಸವ ಜಯಂತಿ ಹೋಯಿತು, ಕಾರಹುಣ್ಣಿಮೆಯೂ ಹೋಯಿತು. ಹುಡುಗಿ ಉಣ್ಣುತ್ತಾಳೆ, ಮಲಗುತ್ತಾಳೆ, ಅವಳ ತಾಯಿ ಕೂಡುತ್ತಿದ್ದ ಮಗ್ಗದಲ್ಲಿ ಕೂತು ನೇಯುತ್ತಾಳೆ. ಓಣಿಯ ಹೆಂಗಸರು "ಯಾವಾಗ ಹೊಕ್ಕಿಯವಾ?" ಎಂದು ಕೇಳಿದರೆ "ಕರಿಯಾಕ ಬರ್ತಾರ" ಅನ್ನುತ್ತಾಳೆ. ಇತ್ತೀಚೆಗೆ ಹಾಗೆ ಹೇಳುವುದನ್ನೂ ಬಿಟ್ಟಿದ್ದಾಳೆ.

ರೋಣದ ಕಡೆಯಿಂದ ಒಂದು ಮಾತು ಕಿವಿಗೆ ಬಿತ್ತು. "ಹಣ್ಣು ಬಿಡದ ಗಿಡಕ್ಕ ಎಷ್ಟಂತ ನೀರ ಹಾಕೂದು" ಎಂದು ನಿಮ್ಮ ತಾಯಿಯವರು ಅಂದರಂತೆ. ನಾನು ನಂಬಿಲ್ಲ. ಮದುವೆಯಾಗಿ ನಾಲ್ಕು ವರ್ಷವಾಯಿತು, ಹಿರಿಯರಿಗೆ ಸಂಕಟವಾಗುವುದು ಸಹಜ. ದೋಷ ನಮ್ಮ ಹುಡುಗಿಯಲ್ಲಿದ್ದರೆ ಔಷಧ ಮಾಡಿಸೋಣ. ಹುಬ್ಬಳ್ಳಿಯಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರಂತೆ. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಒಳಗೆ ನೋಡುತ್ತಾರಂತೆ. ಮುಂದಿನ ತಿಂಗಳು ಕರೆದುಕೊಂಡು ಹೋಗಬೇಕೆಂದಿದ್ದೇನೆ. ನೀವೂ ಬಂದರೆ ಅವಳಿಗೆ ಧೈರ್ಯ.

ನಿಮ್ಮನ್ನು ನಾನು ಮೊದಲು ನೋಡಿದ್ದು ರೋಣದಲ್ಲಿ, ಕಲ್ಲು ಎತ್ತುವ ಪಂದ್ಯದಲ್ಲಿ. ಆ ಸಂಗ್ರಾಣಿ ಕಲ್ಲನ್ನು ಹೆಗಲ ಮೇಲಿಂದ ದಾಟಿಸಿದಾಗ ಎಲ್ಲರೂ ಸಿಳ್ಳೆ ಹೊಡೆದರು. ನಾನು ನೋಡಿದ್ದು ಬೇರೆ. ಉಳಿದವರು ಎತ್ತಿದ ಕಲ್ಲನ್ನು ಧಪ್ಪೆಂದು ಒಗೆದರು. ನೀವು ಎದುರಿಗೆ ಕೂತಿದ್ದವರ ಕಾಲಿಗೆ ತಾಗೀತೆಂದು ಬಗ್ಗಿ ಮೆಲ್ಲಗೆ ಇಳಿಸಿದಿರಿ. ಹೆಣ್ಣು ಕೊಟ್ಟಿದ್ದು ಅದನ್ನು ನೋಡಿ.

ಉತ್ತರ ಬರೆಯಿರಿ.

ನಿಮ್ಮ ಮಾವ,
ನಿಜಲಿಂಗಪ್ಪ

*

ಚಿಕ್ಕನರಗುಂದ
2 ಜುಲೈ 2004

ಪೂಜ್ಯ ಮಾವನವರಿಗೆ ಅಜಯಕುಮಾರನ ನಮಸ್ಕಾರಗಳು.

ಕಾಗದ ಮುಟ್ಟಿತು. ಹೆಸರು ಬಿತ್ತನೆಯ ಗಡಿಬಿಡಿಯಲ್ಲಿ ಉತ್ತರ ತಡವಾಯಿತು. ಅವ್ವನಿಗೆ ಮೊಣಕಾಲು ನೋವು, ಓಡಾಟ ಕಡಿಮೆ. ನನಗೂ ಬೆನ್ನು ನೋವಿದ್ದುದರಿಂದ ಈ ಸಲ ಕಾರಹುಣ್ಣಿಮೆಗೆ ಕಲ್ಲು ಎತ್ತಲಿಲ್ಲ.

ರೇಷ್ಮಾಳನ್ನು ಹುಬ್ಬಳ್ಳಿಗೆ ಕರೆದೊಯ್ಯುವುದು ಬೇಡ. ಹೊಟ್ಟೆಗೆ ತೂತು ಮಾಡಿಸುವುದಂತೂ ಬೇಡವೇ ಬೇಡ. ದಯವಿಟ್ಟು ನನ್ನ ಮಾತು ಕೇಳಿರಿ. ಪುರಸತ್ತಾದ ಕೂಡಲೇ ನಾನೇ ಬರುತ್ತೇನೆ.

ಅವಳನ್ನು ಕೇಳಿದೆನೆಂದು ಹೇಳಿರಿ.

ಇಂತಿ,
ಅಜಯಕುಮಾರ

*

ಗಜೇಂದ್ರಗಡ
19 ಜುಲೈ 2004

ಅಜಯಕುಮಾರ ಅವರಿಗೆ ಆಶೀರ್ವಾದ.

ನಿಮ್ಮ ಕಾಗದವನ್ನು ರೇಷ್ಮಾಳಿಗೆ ಓದಿ ಹೇಳಿದೆ. ಬೆನ್ನು ನೋವು ಎಂಬಲ್ಲಿ ನಕ್ಕಳು. ಅದು ಚಲೋ ನಗುವಲ್ಲ. ಆಮೇಲೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಅಂದೆ, "ಅವರು ಬ್ಯಾಡ ಅಂತಾರ. ಆದ್ರ ತಂದಿ ಆದಾಂವ ಸುಮ್ಮನ ಕುಂದರಲಿಕ್ಕೆ ಬರೂದಿಲ್ಲ. ಸ್ವಾಮಾರ ಹುಬ್ಬಳ್ಳಿಗೆ ಹೋಗೂಣು."

"ನಾ ಬರೂದಿಲ್ಲಪ್ಪಾ."

"ಹೆದರಿಕಿ ಏನವಾ?"

"ನನಗ ಏನೂ ಆಗಿಲ್ಲ. ಶಿವರಾತ್ರಿ ಮುಂದ ಹುಬ್ಬಳ್ಳ್ಯಾಗ ಎಲ್ಲಾ ನೋಡ್ಯಾರ. ನಿನಗ ಏನೂ ಇಲ್ಲ ತಂಗಿ ಅಂದ್ರು. ಅವರನ್ನೂ ನೋಡಿದ್ರು."

"ಅವರಿಗೆ ಏನಂದ್ರು?"

ಅವಳು ಲಾಳಿ ನಿಲ್ಲಿಸಲಿಲ್ಲ. "ಅದನ್ನ ಅವರ ಹೇಳಲಿ. ನಾ ಹೇಳಂಗಿಲ್ಲಂತ ಮಾತು ಕೊಟ್ಟೀನಿ" ಅಂದಳು.

ಅವಳ ತಾಯಿ ಬದುಕಿದ್ದರೆ ಈ ಮಾತುಕತೆ ನನ್ನ ಪಾಲಿಗೆ ಬರುತ್ತಿರಲಿಲ್ಲ. ಇಂಥದ್ದನ್ನು ಮಗಳ ಬಾಯಿಂದ ಕೇಳುವುದೂ ಅಳಿಯನಿಗೆ ಬರೆಯುವುದೂ ನನಗೆ ಕಷ್ಟವೇ. ಆದರೂ ಕೇಳುತ್ತೇನೆ. ತನ್ನಲ್ಲಿ ದೋಷವಿಲ್ಲವೆಂದು ತಿಳಿದೂ ನನ್ನ ಮಗಳು ಇಷ್ಟು ತಿಂಗಳು ಬಂಜೆ ಅನ್ನಿಸಿಕೊಂಡಿದ್ದಾಳೆ. ಯಾರಿಗೂ ಹೇಳಬೇಡವೆಂದು ಮಾತು ತೆಗೆದುಕೊಂಡವರು ನೀವೇ ಏನು?

ಏನಾಗಿದೆ ಎಂದು ನಾನು ಕೇಳುವುದಿಲ್ಲ. ಇದೊಂದಕ್ಕೆ ಉತ್ತರ ಬರೆಯಿರಿ.

ನಿಜಲಿಂಗಪ್ಪ

*

ಚಿಕ್ಕನರಗುಂದ
21 ಆಗಸ್ಟ್ 2004

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಹೌದು. ಮಾತು ತೆಗೆದುಕೊಂಡವನು ನಾನೇ.

ಈ ಕಾಗದವನ್ನು ಎಷ್ಟೋ ಸಲ ಬರೆದು ಹರಿದೆ. ನೀವು ಕೇಳದಿದ್ದರೂ ಹೇಳುತ್ತೇನೆ. ಹೇಳದೆ ಹೋದರೆ ನಿಮ್ಮ ಕಣ್ಣೆದುರು ಕೂಡಲು ಆಗುವುದಿಲ್ಲ.

ಮದುವೆಗೆ ಮೊದಲಿನಿಂದಲೂ ಸುಗ್ಗಿ ಮುಗಿದ ಮೇಲೆ ನಾನು ಹುಬ್ಬಳ್ಳಿಯ ಒಂದು ಜಿಮ್ಮಿಗೆ ಹೋಗಿ ಇರುತ್ತಿದ್ದುದು ನಿಮಗೆ ಗೊತ್ತು. ಅಲ್ಲಿಯವರು ಒಂದು ಸೂಜಿ ಹಾಕಿಕೊಳ್ಳುತ್ತಿದ್ದರು. ಗಂಡಸಿನ ಮೈಯಲ್ಲಿ ಇರುವ ರಸವೇ, ಹೊರಗಿನಿಂದ ಹಾಕಿಕೊಂಡರೆ ಮೈಕಟ್ಟು ಬರುತ್ತದೆ ಎಂದರು. ಹಾಕಿಸಿಕೊಂಡೆ. ಖರೇ ಹೇಳಬೇಕೆಂದರೆ ಮೈಕಟ್ಟು ಬಂತು. ಹಿಂದಿನ ವರ್ಷ ಮೊಣಕಾಲಿನವರೆಗೆ ಬಂದ ಕಲ್ಲು ಆ ವರ್ಷ ಹೆಗಲಿಗೆ ಬಂತು. ಮದುವೆಯಾದ ಮೇಲೂ ಬಿಡಲಿಲ್ಲ. ರೇಷ್ಮಾ ಕೇಳಿದಾಗ ತಾಕತ್ತಿನ ಔಷಧ ಅಂದಿದ್ದೆ.

ಹುಬ್ಬಳ್ಳಿಯಲ್ಲಿ ಡಾಕ್ಟರು ಮೊದಲು ಅವಳನ್ನು ನೋಡಿ, ಆಮೇಲೆ ನನ್ನ ವೀರ್ಯದ ಪರೀಕ್ಷೆ ಬರೆದುಕೊಟ್ಟರು. ನನಗೆ ಸಿಟ್ಟೇ ಬಂತು. ಈ ಮೈ ನೋಡಿ ಇವರಿಗೆ ತಿಳಿಯುವುದಿಲ್ಲವೇ ಎಂದುಕೊಂಡೆ. ಪರೀಕ್ಷೆಯಲ್ಲಿ ವೀರ್ಯಾಣು ಒಂದೂ ಇರಲಿಲ್ಲ. ಡಾಕ್ಟರು ನನ್ನ ತೋಳು ನೋಡಿ, "ಸೂಜಿ ತಗೋತೀರೇನು?" ಎಂದು ಕೇಳಿದರು. ನನಗಿಂತ ಮೊದಲು ರೇಷ್ಮಾ, "ಹೌದ್ರಿ, ತಗೋತಾರ" ಅಂದುಬಿಟ್ಟಳು.

ಆಗ ಡಾಕ್ಟರು ಹೇಳಿದ್ದು: "ಮನೀ ಎತ್ತು ಇರೂವಾಗನ ದಿನಾ ಬಾಡಿಗಿ ಎತ್ತು ತಂದು ಹೂಡಿದ್ರ ಮನೀ ಎತ್ತು ಏನ್ ಮಾಡತದ? ಮಲಗಿ ಬಿಡತದ. ನಿಮ್ಮ ಶರೀರ ತಾನ ಮಾಡಬೇಕಾದ್ದನ್ನ ಮಾಡೂದು ಬಿಟ್ಟದ. ಸೂಜಿ ಬಿಡ್ರಿ, ಎಚ್ಚರ ಆಗಬಹುದು. ಆದ್ರ ಲಗೂ ಆಗೂದಿಲ್ಲ. ತಿಂಗಳುಗಟ್ಟಲೆ ಹಿಡೀತದ, ಒಬ್ಬೊಬ್ಬರಿಗೆ ವರ್ಷ, ಎರಡು ವರ್ಷ. ಆಗೇ ಆಗತದ ಅಂತ ನಾ ಬರದು ಕೊಡಾಂಗಿಲ್ಲ."

ಅಂದೇ ಬಿಟ್ಟೆ. ಎಚ್ಚರಿಸಲೆಂದು ಡಾಕ್ಟರು ಬೇರೆ ಔಷಧ ಕೊಟ್ಟಿದ್ದಾರೆ, ಅದು ನಡೆದಿದೆ. ಆದರೆ ಸೂಜಿ ಬಿಟ್ಟ ಮೇಲೆ ನಾನು ನಾನಾಗಿಲ್ಲ ಮಾವನವರೇ. ಅಂಗಿಗಳು ಜೋಲು ಬಿದ್ದಿವೆ. ಹೊಲಕ್ಕೆ ಹೋದರೆ ಮಧ್ಯಾಹ್ನಕ್ಕೆ ಬೇವಿನ ಕೆಳಗೆ ಮಲಗಿಬಿಡುತ್ತೇನೆ. ಮೊನ್ನೆ ಎತ್ತಿನ ಕಾಲಿಗೆ ಮುಳ್ಳು ಚುಚ್ಚಿತ್ತು. ಅದನ್ನು ತೆಗೆಯುತ್ತ ಸುಮ್ಮಸುಮ್ಮನೆ ಅತ್ತೆ. ಇನ್ನೂ ಒಂದು ತೊಂದರೆ ಇದೆ. ಅದು ಮಾವನಿಗೆ ಬರೆಯುವಂಥದ್ದಲ್ಲ, ರೇಷ್ಮಾಳಿಗೆ ಗೊತ್ತು. ಅವಳನ್ನು ಕರೆಯಲು ಬರದಿರುವುದಕ್ಕೆ ಅದೂ ಒಂದು ಕಾರಣ.

ಅವ್ವನಿಗೆ ಹೇಳಲಾರೆ. ಅಪ್ಪ ಸತ್ತಾಗ ನನಗೆ ತಿಳಿವಳಿಕೆಯೂ ಬಂದಿರಲಿಲ್ಲ. ಊರಲ್ಲಿ ಅವಳ ಹೆಸರು ಶಂಕ್ರವ್ವ ಅಂತಲ್ಲ, ಕಲ್ಲೆತ್ತುವ ಅಜಯನ ಅವ್ವ. ಅವಳಿಗಿರುವ ಹೆಮ್ಮೆ ಅದೊಂದೇ. ಅದನ್ನು ನಾನೇ ಹೇಗೆ ಕಸಿದುಕೊಳ್ಳಲಿ?

ತಪ್ಪು ನನ್ನದು.

ಅಜಯಕುಮಾರ

*

ಗಜೇಂದ್ರಗಡ
20 ಸೆಪ್ಟೆಂಬರ್ 2004

ಅಜಯಕುಮಾರ ಅವರಿಗೆ,

ಕಾಗದ ಓದಿದೆ. ಸೂಜಿಯ ವಿಷಯಕ್ಕೆ ನನಗೆ ಸಿಟ್ಟು ಬರಲಿಲ್ಲ. ಹರೆಯದಲ್ಲಿ ತಾಕತ್ತಿಗೆ ಆಸೆಪಡದವರು ಯಾರು? ಮೈಯಲ್ಲಿ ಆದದ್ದು ರೋಗ. ರೋಗಕ್ಕೆ ಔಷಧವಿದೆ, ಕಾಯಬೇಕು. ಎತ್ತಿನ ಮುಂದೆ ಅತ್ತಿದ್ದಕ್ಕೂ ನಾಚಬೇಡಿರಿ. ನನ್ನ ಹೆಂಡತಿ ತೀರಿಕೊಂಡ ವರ್ಷ ನಾನು ನೂಲು ತರಲು ಹೋದಲ್ಲೇ ಅತ್ತಿದ್ದೇನೆ. ಆದರೆ ತಾಯಿಯ ಹೆಮ್ಮೆ ಉಳಿಸಲು ಹೆಂಡತಿಯ ಮೇಲೆ ಹೊರೆ ಹೊರಿಸಿದಿರಲ್ಲ, ಅದು ರೋಗವಲ್ಲ.

ಈಗ ಬೇರೆ ಸುದ್ದಿ. ಹೋದ ವಾರ ಲಾಡಸಾಬರು ನಮ್ಮ ಮನೆಗೆ ಬಂದರು. ಕೂಡಿರಿ ಅಂದರೆ ಕೂಡಲಿಲ್ಲ. ಹೊಸ್ತಿಲ ಹೊರಗೇ ನಿಂತು ಹೇಳಿದರು: "ನಿಜಲಿಂಗಪ್ಪಣ್ಣಾ, ಲಕ್ಕಲಕಟ್ಟಿ ಉಡಚಪ್ಪಗೌಡ್ರು ಅಂಗಡಿಗೆ ಬಂದಿದ್ರು. ಮಗಳ ಲಗ್ನಕ್ಕ ಸೀರಿ ನೋಡಿದ್ರು. ವರ ಯಾರ್ರಿ ಅಂತ ಕೇಳಿದ್ನಿ. ಚಿಕ್ಕನರಗುಂದದ ನಮ್ಮ ಅಕ್ಕನ ಮಗ ಅಂದ್ರು. ಅವರಿಗೆ ನನ್ನ ಅಂಗಡ್ಯಾಗ ಸೀರಿ ಇಲ್ಲಂತ ಹೇಳಿ ಕಳಿಸೀನಿ. ನಿಮಗ ಗೊತ್ತಿರಲಿ ಅಂತ ಬಂದೆ."

ಉಡಚಪ್ಪನವರು ನಿಮ್ಮ ಸೋದರಮಾವ. ಅವರಿಗೆ ಇನ್ನೊಬ್ಬ ಅಕ್ಕನಿಲ್ಲ, ನಿಮಗೆ ಒಡಹುಟ್ಟಿದವರಿಲ್ಲ. ಹಾಗಾದರೆ ವರ ಯಾರೆಂದು ಕೇಳಬೇಕಾಗಿಲ್ಲ.

ರೇಷ್ಮಾ ಒಳಗಿದ್ದಳು, ಎಲ್ಲ ಕೇಳಿಸಿಕೊಂಡಳು. ಅಳಲಿಲ್ಲ. ಹೊರಗೆ ಬಂದು, "ಅಪ್ಪಾ, ಆ ಹುಡುಗಿ ಇನ್ನಾ ಕಾಲೇಜಿಗೆ ಹೋಗ್ತಾಳ. ನಾಳಿ ಆಕಿನ್ನೂ ಬಂಜಿ ಅಂತಾರ. ಮಾತು ಕೊಟ್ಟಾಕಿ ನಾ ಒಬ್ಬಾಕಿ. ಆಕಿ ಯಾಕ ಅನುಭೋಗಿಸಬೇಕು?" ಅಂದಳು.

ಈ ಪ್ರಶ್ನೆಗೆ ಉತ್ತರ ನೀವು ಕೊಡಬೇಕು. ನಿಮ್ಮಲ್ಲಿ ಇದೆಯೇನು?

ನಿಜಲಿಂಗಪ್ಪ

*

ಚಿಕ್ಕನರಗುಂದ
25 ಅಕ್ಟೋಬರ್ 2004

ಪೂಜ್ಯ ಮಾವನವರಿಗೆ,

ಮೊನ್ನೆ ಹುಬ್ಬಳ್ಳಿಗೆ ಹೋಗಿದ್ದೆ. ಈ ಸಲದ ಪರೀಕ್ಷೆಯಲ್ಲಿ ಕೆಲವು ಕಂಡವು! ಬೆರಳೆಣಿಕೆಯಷ್ಟೇ. ಸಾಲುವುದಿಲ್ಲ, ಆದರೆ ಎಚ್ಚರವಾಗುತ್ತಿದೆ ಅಂದರು ಡಾಕ್ಟರು. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಒಂದೆರಡು ಮೆಲ್ಲಗೆ ಹೊರಳಾಡುತ್ತಿದ್ದವು. ಬಸ್ಸಿನಲ್ಲಿ ನವಲಗುಂದ ದಾಟುವವರೆಗೆ ಒಬ್ಬನೇ ನಗುತ್ತ ಕೂತಿದ್ದೆ.

ರೇಷ್ಮಾಳಿಗೆ ತಪ್ಪದೆ ಹೇಳಿರಿ.

ಲಕ್ಕಲಕಟ್ಟಿಯ ಮಾತು ನನಗೂ ಗೊತ್ತಿರಲಿಲ್ಲ. ಅವ್ವನಿಗೆ "ಈಗ ಬ್ಯಾಡ" ಎಂದಿದ್ದೇನೆ. ದೀಪಾವಳಿ ಮುಗಿದ ಮೇಲೆ ಸಮಾಧಾನವಾಗಿ ಕೂತು ಹೇಳುತ್ತೇನೆ.

ಅಜಯಕುಮಾರ

*

ಗಜೇಂದ್ರಗಡ
8 ನವೆಂಬರ್ 2004

ಅಜಯಕುಮಾರ ಅವರಿಗೆ. ಇದು ಕಾರ್ಡು, ಅಂಚೆಯವರೂ ಓದುತ್ತಾರೆ, ಬಿಡಿಸಿ ಬರೆಯಲಾರೆ. ನಿಮ್ಮ ಸುದ್ದಿ ತಿಳಿಸಿದೆ. ಸಂತೋಷಪಟ್ಟಳು. ಆಮೇಲೆ, "ಈಗ ಬ್ಯಾಡ ಅಂದ್ರ ಆಮ್ಯಾಲೆ ಬೇಕು ಅಂತ ಅರ್ಥ" ಅಂದಳು. ದೀಪಾವಳಿ ನಮ್ಮ ಮನೆಗೂ ಬರುತ್ತದೆ. — ನಿಜಲಿಂಗಪ್ಪ

*

ಚಿಕ್ಕನರಗುಂದ
9 ಜನವರಿ 2005

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಎರಡು ತಿಂಗಳು ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ.

ದೀಪಾವಳಿಯ ಸುಮಾರಿಗೆ ನಾನು ಭಾಳ ಸೊರಗಿದ್ದೆ. ಅವ್ವ ಕಂಗಾಲಾಗಿ ಪಕ್ಕದ ಊರಿನಿಂದ ಬರುವ ಡಾಕ್ಟರನನ್ನು ಮನೆಗೇ ಕರೆಸಿದಳು. ಓದಿದ ಡಾಕ್ಟರನಲ್ಲ, ಸೈಕಲ್ ಮೇಲೆ ಚೀಲ ಹಾಕಿಕೊಂಡು ಬರುವವನು. "ನಿಮ್ಮ ಮಗಗ ಗಂಡಸರ ಶಕ್ತಿ ಕಡಿಮಿ ಆಗೇತಿ, ಒಂದಿಷ್ಟು ಇಂಜೆಕ್ಷನ್ ಹಾಕಿದ್ರ ಮತ್ತ ಮೊದಲಿನಂಗ ಆಗ್ತಾನ" ಅಂದ. ಚೀಲದಿಂದ ಸೀಸೆ ತೆಗೆದ. ಅದರ ಮೇಲಿನ ಹೆಸರು ಓದಿದೆ. ಹುಬ್ಬಳ್ಳಿಯಲ್ಲಿ ಹಾಕಿಸಿಕೊಳ್ಳುತ್ತಿದ್ದದ್ದೇ ಅದು. ಬೇಡ ಅನ್ನಬೇಕಿತ್ತು. ಅವ್ವ ಎದುರಿಗೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವ್ವನಿಗಾಗಿ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಆ ಹಳೆಯ ಮೈ ನನಗೂ ಬೇಕಾಗಿತ್ತು. ತೋಳು ಚಾಚಿದೆ.

ಮುಂದೆ ಪ್ರತಿ ವಾರ ಬಂದ. ಮೈ ತುಂಬಿಕೊಂಡಿತು, ಹಸಿವೆ ಬಂತು, ನಿದ್ದೆ ಬಂತು. ಅವ್ವ ರೊಟ್ಟಿ ಬಡಿಯುತ್ತ ಹಾಡು ಹೇಳುವುದು ಕೇಳಿಸಿತು. ನಾನು ಸುಖವಾಗಿದ್ದೆ ಮಾವನವರೇ, ಅದನ್ನೂ ಹೇಳುತ್ತೇನೆ.

ಹೋದ ತಿಂಗಳು ಹುಬ್ಬಳ್ಳಿಗೆ ಹೋದೆ. ಕಂಡಿದ್ದವು ಮತ್ತೆ ಇಲ್ಲ. ಒಂದೂ ಇಲ್ಲ. ಡಾಕ್ಟರು ಬಯ್ಯಲಿಲ್ಲ. ಕನ್ನಡಕ ತೆಗೆದಿಟ್ಟು, "ಎಬ್ಬಿಸಿದ ಎತ್ತನ್ನ ಮತ್ತ ಮಲಗಿಸಿ ಬಂದ್ಯಲ್ಲೋ" ಅಂದರು. ಅಲ್ಲಿಯವರೆಗೆ ನನಗೆ 'ರಿ' ಹಚ್ಚಿ ಮಾತನಾಡುತ್ತಿದ್ದವರು. ಆ 'ಲೋ' ಕೇಳಿ ಯಾಕೋ ನೆಟ್ಟಗಾದೆ.

ಊರಿಗೆ ಬಂದರೆ ಮನೆಯಲ್ಲಿ ಉಡಚಪ್ಪಮಾವ ಕೂತಿದ್ದ. ತಟ್ಟೆಯಲ್ಲಿ ಎಲೆ ಅಡಿಕೆ, ಕೊಬ್ಬರಿ ಬಟ್ಟಲು. ಸಂಕ್ರಾಂತಿ ಆದ ಮೇಲೆ ನಿಶ್ಚಯ ಮಾಡೋಣ ಎಂದು ಅವ್ವನೂ ಅವನೂ ಮಾತನಾಡುತ್ತಿದ್ದರು. ನಾನು ಚಪ್ಪಲಿ ಕೂಡ ಬಿಡದೆ ಪಡಸಾಲೆಯಲ್ಲಿ ನಿಂತೆ.

"ಮಾವಾ, ತಟ್ಟಿ ತಗದ ಬಿಡು. ನನಗ ಮಕ್ಕಳಾಗೂದಿಲ್ಲ."

ಮಾವ ನಕ್ಕ. "ಯಾಂವ ಹೇಳಿದಾಂವ? ಕುಂಬಳಕಾಯಿ ಅಂಥಾ ಆಳು!"

"ಹುಬ್ಬಳ್ಳಿ ಡಾಕ್ಟರು ಹೇಳ್ಯಾರ. ರೇಷ್ಮಾಗ ಏನೂ ಆಗಿಲ್ಲ. ದೋಷ ನಂದು. ಕಲ್ಲು ಎತ್ತಾಕಂತ ಸೂಜಿ ತಗೊಂಡೆ, ಅದರಿಂದ ಒಳಗಿಂದೆಲ್ಲಾ ಬತ್ತೇತಿ. ಈಗ ಅವ್ವ ಕರಿಸಿದ ಡಾಕ್ಟರ ಹಾಕಿದ್ದೂ ಅದ ಸೂಜಿ. ನಿನ್ನ ಮಗಳನ್ನ ತಂದ್ರೂ ಇಷ್ಟ, ಇನ್ಯಾರನ್ನ ತಂದ್ರೂ ಇಷ್ಟ."

ಮಾವ ತಟ್ಟೆ ಎತ್ತಿಕೊಂಡ. ಬಾಗಿಲ ತನಕ ಹೋದವನು ತಿರುಗಿ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟು ಹೋದ. ಮಗಳ ಬಾಳು ಉಳಿಯಿತೆಂದು ಇಟ್ಟನೋ, ನನ್ನ ಮೇಲೆ ಮರುಕಪಟ್ಟು ಇಟ್ಟನೋ ತಿಳಿಯಲಿಲ್ಲ.

ಅವ್ವ ಕೂತಲ್ಲೇ ಕೂತಿದ್ದಳು. ಅಲ್ಲಿಂದಲೇ ಕೇಳಿದಳು, "ಇದು ಆಕಿಗೆ ಗೊತ್ತಿತ್ತೇನು?"

"ಮೊದಲಿಂದ ಗೊತ್ತೈತಿ."

"ಗೊತ್ತಿದ್ದೂ ನಾ ಅಂದದ್ದೆಲ್ಲಾ ಅನಿಸಿಕೊಂಡ್ಲಾ?"

"ಹೂಂ."

ಆ ಮೇಲೆ ಅವ್ವ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಊಟಕ್ಕೆ ಬಡಿಸುತ್ತಾಳೆ, ಮಾತಿಲ್ಲ. ಸೈಕಲ್ ಡಾಕ್ಟರ ಬಂದರೆ ಕಟ್ಟೆಯಿಂದಲೇ ಕಳಿಸಿದಳು. ನಾನು ಮತ್ತೆ ಮೊದಲಿನಿಂದ ಶುರುಮಾಡಿದ್ದೇನೆ. ರೇಷ್ಮಾ ಕೊಟ್ಟ ಮಾತಿನಿಂದ ಅವಳನ್ನು ಬಿಡಿಸಿದ್ದೇನೆಂದು ಹೇಳಿರಿ. ಅವಳು ಯಾರಿಗೆ ಬೇಕಾದರೂ ಏನು ಬೇಕಾದರೂ ಹೇಳಬಹುದು. ನನ್ನನ್ನು ಬಿಡುತ್ತೇನೆ ಅಂದರೆ ಅದನ್ನೂ.

ಅಜಯಕುಮಾರ

*

ಗಜೇಂದ್ರಗಡ
11 ಫೆಬ್ರವರಿ 2005

ಚಿರಂಜೀವಿ ಅಜಯಕುಮಾರ ಅವರಿಗೆ ಮಾವನ ಆಶೀರ್ವಾದ.

ನಿಮ್ಮ ತಾಯಿ ಎಲ್ಲಿ ಹೋದರೆಂದು ನೀವು ಗಾಬರಿಯಾಗಿದ್ದಿರಂತೆ. ಲಾಡಸಾಬರ ಅಂಗಡಿಗೆ ನಿಮ್ಮ ಫೋನು ಬಂದ ಸುದ್ದಿ ಮುಟ್ಟಿತು. ಇಲ್ಲೇ ಇದ್ದಾರೆ. ಸುಖವಾಗಿದ್ದಾರೆ.

ಹೋದ ಸೋಮವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಿಂದ ಕೇಳುತ್ತ ಕೇಳುತ್ತ ಒಬ್ಬರೇ ಬಂದರು. ಕೈಯಲ್ಲಿ ಕಡಲೆ ಗಿಡದ ಒಂದು ಸಿವುಡು. ನಾನು ಬೀಗತಿಯವರಿಗೆ ನೀರು ಕೊಟ್ಟೆ, ಚಾಪೆ ಹಾಸಿದೆ. ಅವರು ಕೂಡದೆ ನೇರ ಮಗ್ಗದ ಮುಂದೆ ಹೋಗಿ ನಿಂತರು. ರೇಷ್ಮಾ ತಲೆ ಎತ್ತಲಿಲ್ಲ.

"ಮನಿಗೆ ನಡಿ" ಅಂದರು.

"ಈ ಸೀರಿ ಮಗ್ಗದಿಂದ ಇಳಿಯೂತನಕಾ ಬರೂದಿಲ್ಲ."

"ಎಷ್ಟ ದಿನಾ ಬೇಕು?"

"ಸೆರಗು ಇನ್ನೂ ಆಗಬೇಕು. ನೀವು ಹೋಗ್ರಿ. ಬರೂದಿದ್ರ ನಾನ ಬರ್ತೀನಿ."

ನನಗೆ ಹೆದರಿಕೆಯಾಯಿತು. ನಿಮ್ಮ ತಾಯಿ ಸಿಟ್ಟಿನಿಂದ ತಿರುಗಿ ಹೋಗುತ್ತಾರೆ ಅಂದುಕೊಂಡೆ. ಅವರು ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತರು. ಗೋಡೆಯ ಪಕ್ಕದ ರಾಟೆಯನ್ನು ಎಳೆದುಕೊಂಡು, "ನೂಲಿನ ಕಂಡಿಕಿ ಹ್ಯಾಂಗ ಸುತ್ತೂದು, ತೋರಸು" ಅಂದರು.

ಬೀಗರ ಮನೆಯಲ್ಲಿ ಒಂದು ಹೊತ್ತು ಉಂಡು ಹೋಗಲು ಸಂಕೋಚಪಡುವವರು. ನಾಲ್ಕು ದಿನವಾಯಿತು, ಇಲ್ಲೇ ಇದ್ದು ನೂಲು ಸುತ್ತುತ್ತಿದ್ದಾರೆ. ಮೊದಲ ದಿನ ಸುತ್ತಿದ್ದನ್ನು ರೇಷ್ಮಾ ಬಿಚ್ಚಿ ಮತ್ತೆ ಸುತ್ತಿದಳು, ಅಷ್ಟು ಸಡಿಲ. ಈಗ ಪರವಾಗಿಲ್ಲ. ಹಿಂದಿನದರ ಬಗ್ಗೆ ಇಬ್ಬರೂ ಮಾತನಾಡಿದ್ದನ್ನು ನಾನು ಕೇಳಿಲ್ಲ. ತಪ್ಪಾಯಿತೆಂದು ಅವರು ಅಂದಿಲ್ಲ, ಹೋಗಲಿ ಬಿಡಿರಿ ಎಂದು ಇವಳೂ ಅಂದಿಲ್ಲ. ನಿನ್ನೆ ಮಾತ್ರ ನಾನು ಸಂತೆಯಿಂದ ಬಂದಾಗ ನಿಮ್ಮ ತಾಯಿ ಸೆರಗಿನಿಂದ ಕಣ್ಣು ಒರೆಸುತ್ತಿದ್ದರು. ರೇಷ್ಮಾ ಅವರ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಚಪ್ಪಲಿ ಮತ್ತೆ ಮೆಟ್ಟಿಕೊಂಡು ಸುಮ್ಮನೆ ಹೊರಗೆ ಹೋಗಿ ಒಂದು ಸುತ್ತು ಹಾಕಿ ಬಂದೆ.

ನೀವು ಬರಬೇಡಿರಿ. ಕರೆಯಲು ಯಾರೂ ಬರುವುದು ಬೇಡ ಎಂದಿದ್ದಾಳೆ. ಸೀರೆ ಇಳಿದ ಮೇಲೆ ಅತ್ತೆ ಸೊಸೆ ಇಬ್ಬರೇ ರೋಣದ ಮೇಲೆ ಬರುತ್ತಾರೆ. ಬಿಡುವ ಮಾತು ನಾನು ಅವಳಿಗೆ ಓದಿ ಹೇಳಿದೆ. "ಅದನ್ನ ಅವರ ಮುಂದ ಕುಂತು ವಿಚಾರ ಮಾಡ್ತೀನಿ" ಅಂದಳು. ಅಷ್ಟೇ ಅಂದದ್ದು.

ನಿಮ್ಮ ಮಾವ,
ನಿಜಲಿಂಗಪ್ಪ

*

ಚಿಕ್ಕನರಗುಂದ
30 ಆಗಸ್ಟ್ 2005

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಹೆಸರು ಕಿತ್ತಾಯಿತು, ಈ ಸಲ ಕಾಳು ಚಲೋ ಇದೆ. ಅವ್ವ ಮಾತನಾಡುತ್ತಾಳೆ, ಹೆಚ್ಚು ಸೊಸೆಯೊಡನೆ.

ಪರೀಕ್ಷೆಯಲ್ಲಿ ಈ ಸಲವೂ ಏನೂ ಇಲ್ಲ. ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂತಿದ್ದೆ. ರೇಷ್ಮಾ, "ಪದೇ ಪದೇ ಹೋಗಿ ಬೀಜ ಅಗದು ನೋಡಿದ್ರ ಮೊಳಕಿ ಬರ್ತೈತೇನು? ದೀಪಾವಳಿ ಆಗೂತನಕಾ ಹುಬ್ಬಳ್ಳಿ ಕಡೆ ಹೋಗಬ್ಯಾಡ್ರಿ" ಅಂದಳು. ಔಷಧ ಬಿಟ್ಟಿಲ್ಲ. ಈಗ ಮಧ್ಯಾಹ್ನ ಮಲಗುವುದಿಲ್ಲ. ನಗುವೂ ಒಮ್ಮೊಮ್ಮೆ ಬರುತ್ತದೆ. ಹೋದ ವರ್ಷದ ಕಾಗದದಲ್ಲಿ ನಿಮಗೆ ಬರೆಯಲಾಗದ್ದು ಎಂದಿದ್ದೆನಲ್ಲ, ಆ ಚಿಂತೆ ಈಗಿಲ್ಲ.

ಜಿಮ್ಮಿನ ಗೆಳೆಯರು ಬಂದು ಮೈ ನೋಡಿ ಮರುಗಿ ಹೋದರು. ನಾನು ಏನಾಯಿತೆಂದು ಬಿಚ್ಚಿ ಹೇಳಿದೆ. ಒಬ್ಬ ಮಾತ್ರ ಹಿಂದೆ ಉಳಿದು ಡಾಕ್ಟರ ವಿಳಾಸ ಕೇಳಿದ.

ಅಜಯಕುಮಾರ

*

ಚಿಕ್ಕನರಗುಂದ
24 ಫೆಬ್ರವರಿ 2006

ಅಪ್ಪಾ,

ಕಾಗದ ನೋಡಿ ಅಕ್ಷರ ಯಾರದು ಎಂದು ಗಾಬರಿಯಾಗಬೇಡ. ನಾನೇ ರೇಷ್ಮಾ.

ದೀಪಾವಳಿ ಆದ ಮೇಲೆ ಇವರು ಹುಬ್ಬಳ್ಳಿಗೆ ಹೋದರು. ಕಂಡವು. ಡಾಕ್ಟರು "ಇಷ್ಟಿದ್ರ ಸಾಕು, ಇನ್ನ ನಿಮ್ಮ ದೈವ" ಅಂದರಂತೆ. ನಿನಗೆ ಆಗಲೇ ಬರೆಯುತ್ತೇನೆ ಅಂದರು, ನಾನೇ ತಡೆದೆ. ಈಗ ನನಗೆ ಮೂರನೇ ತಿಂಗಳು. ನರಗುಂದದಲ್ಲಿ ತೋರಿಸಿದ್ದೇವೆ. ಎಲ್ಲ ಸರಿ ಇದೆ.

ಸುದ್ದಿ ಓಣಿಯಲ್ಲಿ ಹೇಗೆ ಹಬ್ಬಿತೋ ಗೊತ್ತಿಲ್ಲ. ನಿನ್ನೆ ಮನೆಯ ಮುಂದಿನ ನಳದ ಹತ್ತಿರ ಹೆಂಗಸರೆಲ್ಲ ಅತ್ತೆಯನ್ನು ಸುತ್ತಿಕೊಂಡು ಯಾವ ದೇವರಿಗೆ ಹರಕೆ ಹೊತ್ತಿದ್ದಿರಿ ಎಂದು ಕೇಳುತ್ತಿದ್ದರು. ಅತ್ತೆ ಕೊಡ ಕೆಳಗಿಟ್ಟು ಊರಿಗೆಲ್ಲ ಕೇಳುವಂತೆ ಹೇಳಿದರು: "ಹರಕಿಲ್ಲ ಗಿರಕಿಲ್ಲ. ನಾ ಆಕಿನ್ನ ಬಂಜಿ ಅಂದಿದ್ದೆ, ನಿಮ್ಮ ಮುಂದೂ ಅಂದೀನಿ. ದೋಷ ನನ್ನ ಮಗಂದಿತ್ತು. ಅಂವ ಸೂಜಿ ಬಿಟ್ಟ, ಈಕಿ ತಡಕೊಂಡ್ಲು. ಅಷ್ಟ."

ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಅತ್ತೆ ಅಂಥ ಮಾತು ನಾಲ್ಕು ಜನರ ಮುಂದೆ ಆಡಿದ್ದು ದೊಡ್ಡದು, ನನಗೆ ಗೊತ್ತು. ಆದರೆ ಅಪ್ಪಾ, ನಾನು ತಡೆದುಕೊಳ್ಳಲಿಲ್ಲ. ಎಲ್ಲರೂ ಹಾಗಂದುಕೊಂಡಿದ್ದಾರೆ, ಇವರೂ ಅಂದುಕೊಂಡಿದ್ದಾರೆ. ನನಗೆ ಸಿಟ್ಟಿತ್ತು. ಮಾತು ಕೊಡು ಅಂದಾಗ ಕೊಟ್ಟ ನನ್ನ ಮೇಲೆಯೇ ಸಿಟ್ಟು. ಮಗ್ಗದ ಕುಣಿಯಲ್ಲಿ ಕೂತು ದಿನಾ ಎಲ್ಲರನ್ನೂ ಬೈಯುತ್ತಿದ್ದೆ. ಲಾಳಿಯ ಸದ್ದಿಗೆ ನಿನಗೆ ಕೇಳಿಸುತ್ತಿರಲಿಲ್ಲ. ನಿನ್ನನ್ನೂ ಬೈದಿದ್ದೇನೆ.

ಯಾಕೆಂದು ಹೇಳುತ್ತೇನೆ. ನೀನು ಇವರಿಗೆ ಎಷ್ಟೊಂದು ಕಾಗದ ಬರೆದೆ. ಇವರೂ ನಿನಗೆ ಬರೆದರು. ಎಲ್ಲ ನನ್ನ ವಿಷಯವೇ. ನಾನು ಅದೇ ಮನೆಯಲ್ಲಿ ಕೂತಿದ್ದೆ, ಮಗಳೇ ನಿನಗೆ ಏನು ಬೇಕು ಎಂದು ಒಬ್ಬರೂ ಕೇಳಲಿಲ್ಲ. ಇವರು ನನ್ನನ್ನು ಕೇಳಿದ್ದು ನಾನು ತಿರುಗಿ ಬಂದ ದಿನ. ಕೇಳಿದರು, ಹೇಳಿದೆ, ಉಳಿದೆ. ನೀನು ಇನ್ನೂ ಕೇಳಿಲ್ಲ.

ಈಗ ಸಿಟ್ಟಿಲ್ಲ. ಮುಂಜಾನೆ ವಾಂತಿ, ಹುಳಿ ತಿನ್ನುವ ಆಸೆ. ಇವರು ನಿನ್ನೆ ಹೊಲದಿಂದ ಹುಣಸೆಕಾಯಿ ತಂದರು, ಅತ್ತೆ ಬೈದರು, ನಾನು ತಿಂದೆ.

ಇವರಿಗೆ ಇನ್ನು ಬರೆಯಬೇಡ, ಅಪ್ಪಾ. ಲಕೋಟೆಯ ಮೇಲೆ ನನ್ನ ಹೆಸರು ಬರೆದು ನನಗೆ ಕಾಗದ ಹಾಕು. ಈ ಓಣಿಗೆ ನನ್ನ ಹೆಸರಿಗೆ ಈತನಕ ಒಂದೂ ಕಾಗದ ಬಂದಿಲ್ಲ.

ದಾರಿ ನೋಡುತ್ತಿರುತ್ತೇನೆ.

ನಿನ್ನ ಮಗಳು,
ರೇಷ್ಮಾ